ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಬಂಡೆ ಸಂದಿನಲ್ಲಿ ಹಳದಿ ಹೂ ಬಿಡುವ ಪೊದೆ ಯಾವುದು? ನೀರಿಲ್ಲದೆ ಹೇಗೆ ಬದುಕುತ್ತದೆ? ಮನೆಯಲ್ಲಿ ಬೆಳೆಸಬಹುದಾ?

ನೀವು ಹೇಳಿದ ಗುರುತು ನೋಡಿದರೆ ಅದು ತಂಗಡಿ. ಆವರಿಕೆ ಅಂತಲೂ ಕರೆಯುತ್ತಾರೆ. ನಮ್ಮ ಕಡೆ ದೀಪಾವಳಿಯಲ್ಲಿ ಸಗಣಿ ಉಂಡೆಗೆ ಸಿಕ್ಕಿಸುತ್ತೇವಲ್ಲ, ಅದೇ ಹೂ. ಅನುಮಾನ ಇದ್ದರೆ ಎಲೆಯ ದಂಟು ಕೊಂಬೆಗೆ ಸೇರುವ ಜಾಗ ನೋಡಿ. ಅಲ್ಲಿ ಕಿವಿಯ ಆಕಾರದ ಎರಡು ಪುಟ್ಟ ಎಲೆಗಳು ಅಂಟಿಕೊಂಡಿರುತ್ತವೆ. ಹಳದಿ ಹೂವನ್ನೇ ಬಿಡುವ ಕಕ್ಕೆ ಮರಕ್ಕೆ ಹಾಗಿರುವುದಿಲ್ಲ.

ನೀರಿಲ್ಲ ಅಂದಿರಿ. ಬಂಡೆಯ ಬಿರುಕಿನಲ್ಲಿ ನಾವು ಅಂದುಕೊಂಡಷ್ಟು ಬರ ಇರುವುದಿಲ್ಲ. ದುರ್ಗದ ಕೋಟೆಯೊಳಗೆ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ತುಂಬುವುದು ಹೇಗೆ? ಸುತ್ತಲಿನ ಬರಿ ಬಂಡೆ ಮೇಲೆ ಬಿದ್ದ ಮಳೆ ಇಳಿಜಾರು ಹಿಡಿದು ಬಂದು ಸೇರುತ್ತದೆ. ಬಿರುಕಿಗೂ ಅದೇ ಲೆಕ್ಕ. ಒಂದು ಹದ ಮಳೆ ಬಿದ್ದರೆ ಇಡೀ ಬಂಡೆಯ ನೀರು ಆ ಸಂದಿಗೆ ಇಳಿಯುತ್ತದೆ. ಮೇಲೆ ಕಲ್ಲು ಮುಚ್ಚಿರುವುದರಿಂದ ಒಳಗಿನ ಮಣ್ಣು ಬೇಗ ಒಣಗುವುದೂ ಇಲ್ಲ. ತಂಗಡಿಯ ತಾಯಿಬೇರು ಆಳಕ್ಕೆ ಹೋಗಿ ಆ ತೇವ ಹುಡುಕುತ್ತದೆ.

ಖರ್ಚಿನಲ್ಲೂ ಗಿಡ ಬಲು ಜಿಪುಣ. ಒಂದು ದಂಟಿಗೆ ಚಿಕ್ಕ ಚಿಕ್ಕ ಎಲೆಗಳ ಎಂಟು ಹತ್ತು ಜೋಡಿ. ಚಿಕ್ಕ ಎಲೆ ಗಾಳಿಗೆ ಬೇಗ ತಣಿಯುತ್ತದೆ. ಜೋಗಿಮಟ್ಟಿಯಲ್ಲಿ ಗಾಳಿಗೇನು ಕಮ್ಮಿ! ಹೂವಿನಲ್ಲಿ ಮಕರಂದವೂ ಇಲ್ಲ, ಬರೀ ಪರಾಗ. ಅದೂ ಸುಲಭಕ್ಕೆ ಸಿಗುವುದಿಲ್ಲ. ಕೇಸರದ ತುದಿಯಲ್ಲಿ ಸಣ್ಣ ತೂತು ಇರುತ್ತದೆ. ಕಪ್ಪು ದೊಡ್ಡ ದುಂಬಿ ಬಂದು ಹೂವನ್ನು ಅಪ್ಪಿಕೊಂಡು ಗುಂಯ್ ಅಂತ ಮೈ ನಡುಗಿಸಿದಾಗ ಪರಾಗ ಆ ತೂತಿನಿಂದ ಹೊರಗೆ ಚಿಮ್ಮುತ್ತದೆ. ಬೆಳಿಗ್ಗೆ ಗಿಡದ ಹತ್ತಿರ ಸ್ವಲ್ಪ ಹೊತ್ತು ಸುಮ್ನೆ ನಿಂತರೆ ಆ ಸದ್ದು ಕೇಳುತ್ತದೆ.

ಆದರೆ ನನ್ನ ಪ್ರಕಾರ ತಂಗಡಿ ಉಳಿದಿರುವುದು ನೀರಿನ ಉಳಿತಾಯದಿಂದ ಮಾತ್ರ ಅಲ್ಲ. ಇದು ಕುರಿ, ಮೇಕೆಗಳ ಸೀಮೆ. ರುಚಿಯಾದ ಗಿಡ ಯಾವುದೇ ಇರಲಿ, ಚಿಗುರಿದ ತಕ್ಷಣ ಮಾಯ. ತಂಗಡಿಯನ್ನು ಮಾತ್ರ ಬೇರೆ ಹಸಿರು ಸಿಗುತ್ತಿರುವಷ್ಟು ದಿನ ಮೇಕೆಯೂ ಮೂಸುವುದಿಲ್ಲ. ಅದರಲ್ಲಿ ಒಗರು ಅಷ್ಟಿದೆ. ಹಿಂದೆ ಇದರ ತೊಗಟೆಯಿಂದಲೇ ಚರ್ಮ ಹದ ಮಾಡುತ್ತಿದ್ದರು, ಆ ಕೆಲಸ ಮಾಡುವುದೂ ಅದೇ ಒಗರು. ಬುಡಕ್ಕೆ ಕಡಿದರೂ ಮತ್ತೆ ಚಿಗುರುತ್ತದೆ. ಹಾಗಾಗಿ ಮೇದು ಬೋಳಾದ ಗುಡ್ಡದಲ್ಲಿ ಕೊನೆಗೆ ಕಾಣುವುದು ಇದೇ.

ಮನೆಯಲ್ಲಿ ಬೆಳೆಸಬಹುದು, ಆದರೆ ಕುಂಡದಲ್ಲಿ ಬೇಡ, ತಾಯಿಬೇರಿಗೆ ಜಾಗ ಸಾಲುವುದಿಲ್ಲ. ಗಿಡ ಕಿತ್ತು ತರಬೇಡಿ. ಜೋಗಿಮಟ್ಟಿ ವನ್ಯಧಾಮ, ಅಲ್ಲಿಂದ ಏನೂ ತರುವ ಹಾಗಿಲ್ಲ. ತಂದರೂ ಬೇರು ತುಂಡಾಗಿ ಸಾಯುತ್ತದೆ. ಊರ ಹೊರಗಿನ ರಸ್ತೆ ಬದಿಯಲ್ಲಿ ಒಣಗಿದ ಕಾಯಿ ಬೇಕಾದಷ್ಟು ಸಿಗುತ್ತದೆ. ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಲ್ಲಿ ರಾತ್ರಿ ನೆನೆಸಿಡಿ. ಮುಂಗಾರು ಶುರುವಾದಾಗ ಗಿಡ ಎಲ್ಲಿ ಬೇಕೋ ಅಲ್ಲೇ ನೆಲಕ್ಕೆ ಊರಿ. ಮೊದಲ ಬೇಸಿಗೆ ದಾಟುವ ತನಕ ಆಗಾಗ ನೀರು ಕೊಟ್ಟರೆ ಸಾಕು. ಆಮೇಲೆ ಪೈಪು ಹಿಡಿಯಬೇಡಿ, ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ.