ಹಳೆ ಕಾಲದ ಪ್ರೇಮಕಥೆಯಲ್ಲಿ ಊರಿಗೆ ಹೊಂದದ ಜೋಡಿ ನಮಗೆ ಯಾಕೆ ಅಷ್ಟು ಹಿಡಿಸುತ್ತದೆ?

ಆ ಇಬ್ಬರ ಬೆಲೆ ಊರಿನವರಿಗಿಂತ ಮೊದಲು ನಮಗೆ ಗೊತ್ತಾಗಿರುತ್ತದೆ, ಅದಕ್ಕೇ. ಊರೆಲ್ಲ 'ಒಂಥರಾ ಮನುಷ್ಯ' ಅಂತ ದೂರ ಇಟ್ಟ ಹುಡುಗ, 'ಜಾಸ್ತಿ ಮಾತಾಡ್ತಾಳೆ' ಅಂತ ಬೈಸಿಕೊಳ್ಳುವ ಹುಡುಗಿ. ಒಬ್ಬರೇ ಇದ್ದಾಗ ಅವರು ಹೇಗಿರುತ್ತಾರೆ ಅಂತ ಸಿನಿಮಾ ನಮಗೆ ಮಾತ್ರ ತೋರಿಸುತ್ತದೆ. ಆಗಲೇ ನಾವು ಅವರ ಕಡೆಯವರಾಗಿಬಿಡುತ್ತೇವೆ. ಇಬ್ಬರೂ ಎದುರಾದಾಗ, ನಮಗೆ ಕಂಡಿದ್ದು ಕೊನೆಗೂ ಇನ್ನೊಬ್ಬರಿಗೆ ಕಂಡಿತಲ್ಲ ಅನ್ನುವ ಸಮಾಧಾನ.

ಅದಕ್ಕೆ ಹಳೆ ಕಾಲವೇ ಯಾಕೆ ಬೇಕು? ಅಲ್ಲಿ ಕಾಯದೆ ಬೇರೆ ದಾರಿ ಇಲ್ಲ. ನಮ್ಮ ದೇಶದಲ್ಲಿ ಮೊಬೈಲ್ ಸೇವೆ ಶುರುವಾಗಿದ್ದೇ 1995ರಲ್ಲಿ. ಅದಕ್ಕೂ ಮೊದಲು ಧಾರವಾಡದ ಹುಡುಗಿ ಗದಗಿನ ಹುಡುಗನಿಗೆ ಏನಾದರೂ ಹೇಳಬೇಕೆಂದರೆ ಹೆಚ್ಚಾಗಿ ನೀಲಿ ಇನ್‌ಲ್ಯಾಂಡ್ ಪತ್ರವೇ ಗತಿ. ಅದನ್ನೂ ಮನೆಯವರು ಮೊದಲೇ ಒಡೆದು ಓದಬಹುದು! ಒಂದು ಮಾತು ಮುಟ್ಟಿಸೋದು ಇಷ್ಟು ಕಷ್ಟ ಆದಾಗ ಸುಮ್ನೆ ನೋಡಿದ ಒಂದು ನೋಟಕ್ಕೂ ತೂಕ ಬರುತ್ತದೆ, ಅಲ್ವಾ?

ಹುಬ್ಬಳ್ಳಿಯಲ್ಲಿ ಅತ್ತಿಯ ಜೊತೆ ಇಂಥದ್ದೊಂದು ಸಿನಿಮಾ ನೋಡಿದ್ದೆ. ನಾಯಕ ಪತ್ರವನ್ನು ಅಂಚೆ ಡಬ್ಬಿಯ ಬಾಯಿವರೆಗೂ ಒಯ್ದು, ವಾಪಸ್ ಜೇಬಿಗೆ ಇಟ್ಟುಕೊಂಡ. ಅತ್ತಿ ಕೈಯಲ್ಲಿದ್ದ ಶೇಂಗಾ ಮರೆತು, 'ಹಾಕೋ ತಮ್ಮಾ, ಹಾಕು' ಅಂದೇಬಿಟ್ಟರು. ಮುಂದಿನ ಸಾಲಿನವರು ತಿರುಗಿ ನೋಡಿದರೂ ಅವರಿಗೆ ಪರಿವೆಯಿಲ್ಲ.

ಕೆಲವು ಸಿನಿಮಾಗಳು ಮಾತ್ರ ಇಲ್ಲೇ ಎಡವುತ್ತವೆ. ಕೊನೆಗೆ ಹುಡುಗಿಯ ಕನ್ನಡಕ ತೆಗೆಸಿ, ಹುಡುಗನ ಕೂದಲು ಕತ್ತರಿಸಿ, ಇಬ್ಬರನ್ನೂ ಊರಿಗೆ ಒಪ್ಪುವಂತೆ ತಿದ್ದಿಬಿಡುತ್ತವೆ. ಆಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ನಾವು ಇಷ್ಟಪಟ್ಟಿದ್ದು ಆ ಕನ್ನಡಕದ ಹುಡುಗಿಯನ್ನೇ.