ಅಲಾಸ್ಕಾದ ಕರಡಿಗೆ 10 ಎಂಎಂ ಪಿಸ್ತೂಲೋ, .44 ರಿವಾಲ್ವರೋ?

ಸಿಯಾಟಲ್‌ನಲ್ಲಿ ಕೆಲಸ, ಆಗಸ್ಟ್‌ನಲ್ಲಿ ಅಲಾಸ್ಕಾದ ಕೀನೈ ಕಡೆ ಟ್ರೆಕ್ಕಿಂಗ್, ಕರಡಿಗೆ ಅಂತ ಯಾವ ಹ್ಯಾಂಡ್‌ಗನ್ ತೊಗೊಳ್ಳಲಿ ಅಂತ ಕೇಳಿದ್ದೀರಿ. ಗನ್ ವಿಷಯಕ್ಕೆ ಆಮೇಲೆ ಬರೋಣ, ಮೊದಲು ಹೇಳಿ, ನೀವು ಯಾವ ವೀಸಾದಲ್ಲಿದ್ದೀರಿ? ಎಚ್‌-1ಬಿ ಆಗಿದ್ದರೆ ಬಂದೂಕು ಇಟ್ಟುಕೊಳ್ಳುವುದೇ ಅಲ್ಲಿ ಫೆಡರಲ್ ಅಪರಾಧ. ಗೆಳೆಯನ ಗನ್ ಇಸ್ಕೊಂಡು ಹೋದರೂ ಅಷ್ಟೇ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿಕೊಂಡು ಹೊರಡಬೇಡಿ. ಗ್ರೀನ್ ಕಾರ್ಡ್ ಇದ್ದರೆ ಮುಂದೆ ಓದಿ. ಕೆನಡಾ ಮೇಲಿಂದ ಕಾರಲ್ಲಿ ಹೋಗೋ ಯೋಚನೆ ಇದ್ದರೆ ಹ್ಯಾಂಡ್‌ಗನ್ ಆಸೆ ಬಿಟ್ಟುಬಿಡಿ, ಗಡಿಯಲ್ಲೇ ಸಿಕ್ಕಿಬೀಳುತ್ತೀರಿ.

ನಾನು ಮೊದಲು ತಂದದ್ದು .44 ಮ್ಯಾಗ್ನಂ ರಿವಾಲ್ವರ್ (.44, 10 ಎಂಎಂ ಅನ್ನೋದೆಲ್ಲ ಗುಂಡಿನ ಅಳತೆ). ಹೊರೋಕೆ ಹಗುರ ಇರಲಿ ಅಂತ 700 ಗ್ರಾಂ ಆಸುಪಾಸಿನದ್ದು ಹುಡುಕಿ ತಂದೆ. ಶೂಟಿಂಗ್ ಅಭ್ಯಾಸದ ರೇಂಜ್‌ನಲ್ಲಿ ಮೊದಲ ಗುಂಡಿಗೇ ಹೆಬ್ಬೆರಳಿನ ಬುಡಕ್ಕೆ ಸುತ್ತಿಗೆಯಲ್ಲಿ ಬಾರಿಸಿದ ಹಾಗಾಯಿತು. ನಾಲ್ಕನೆಯದರ ಹೊತ್ತಿಗೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಹತ್ತು ಹೆಜ್ಜೆ ದೂರದಲ್ಲಿ ಅಂಟಿಸಿದ್ದ ಊಟದ ಪೇಪರ್ ತಟ್ಟೆಗೆ ಆರರಲ್ಲಿ ಒಂದೇ ಒಂದು ತಗುಲಿತ್ತು, ಅದೂ ಅಂಚಿಗೆ. ತಟ್ಟೆಯೇನು ಓಡಿ ಬರುತ್ತಿರಲಿಲ್ಲ ಅಲ್ವಾ? ಕಂದು ಕರಡಿ ಗಂಟೆಗೆ 50 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ನುಗ್ಗುತ್ತದೆ, 30 ಮೀಟರ್ ಅಂದರೆ ಸುಮಾರು ಎರಡೇ ಸೆಕೆಂಡು.

ರಿವಾಲ್ವರ್ ಮಾರಿ ಗ್ಲಾಕ್ 20 ಪಿಸ್ತೂಲು ತೊಗೊಂಡೆ. 10 ಎಂಎಂ, ಮ್ಯಾಗಝೀನ್‌ನಲ್ಲಿ 15 ಗುಂಡು, ತುಂಬಿದರೆ 1.1 ಕಿಲೋ. ಒಂದೊಂದು ಗುಂಡಿನ ಏಟು .44ರಷ್ಟು ಜೋರಿಲ್ಲ, ಒಪ್ಪುತ್ತೇನೆ, ಆದರೆ ಎರಡನೆಯದು, ಮೂರನೆಯದು ಗುರಿಗೆ ಬೀಳುತ್ತದೆ. ನಿಮಗೆ ರಿವಾಲ್ವರೇ ಇಷ್ಟ ಅಂದರೆ ಉಕ್ಕಿನ, ತೂಕದ್ದು ತೊಗೊಳ್ಳಿ, ತೂಕ ಇದ್ದಷ್ಟೂ ಕೈಗೆ ಏಟು ಕಡಿಮೆ. ಕರಡಿ ಮೈಮೇಲೇ ಬಿದ್ದು ನಳಿಗೆ ಅದರ ಮೈಗೆ ಒತ್ತಿಕೊಂಡಾಗ ಪಿಸ್ತೂಲಿನ ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದೆ ಸರಿದು ಗುಂಡು ಹಾರದೇ ಇರಬಹುದು. ರಿವಾಲ್ವರ್‌ಗೆ ಆ ತೊಂದರೆ ಇಲ್ಲ.

ಮನೆ ಕಾವಲಿಗೆ ಅಂತ ಮಾರುವ, ಮೂತಿ ಟೊಳ್ಳಾದ ಹಾಲೋ ಪಾಯಿಂಟ್ ಗುಂಡು ಬೇಡ. ಅದು ಒಳಗೆ ಹೋಗುತ್ತಲೇ ಅರಳಿ ಬೇಗ ನಿಂತುಬಿಡುತ್ತದೆ. ದಪ್ಪ ಚರ್ಮ, ಮಾಂಸ, ಮೂಳೆ ದಾಟಬೇಕಾದರೆ ಮೂತಿ ಚಪ್ಪಟೆಯಾಗಿರುವ ಗಟ್ಟಿ ಸೀಸದ ಗುಂಡು ಬೇಕು, ಹಾರ್ಡ್ ಕಾಸ್ಟ್ ಅಂತ ಕೇಳಿ. ಎರಡು ಡಬ್ಬಿಯಾದರೂ ನಿಮ್ಮದೇ ಪಿಸ್ತೂಲಿನಲ್ಲಿ ಹಾರಿಸಿ ನೋಡಿ, ಎಲ್ಲಾದರೂ ಸಿಕ್ಕಿಕೊಳ್ಳುತ್ತಾ ಅಂತ. ಹೋಲ್ಸ್ಟರ್ (ಗನ್ ಇಡುವ ಚೀಲ) ಎದೆ ಮೇಲೇ ಇರಲಿ. ಸೊಂಟಕ್ಕೆ ಹಾಕಿದರೆ ಬ್ಯಾಗಿನ ಬೆಲ್ಟ್ ಅಡ್ಡ ಬರುತ್ತದೆ, ಬ್ಯಾಗಿನೊಳಗೆ ಇಟ್ಟರೆ ಸುಮ್ನೆ ಭಾರ.

ಇಷ್ಟೆಲ್ಲಾ ಹೇಳಿದರೂ ನನ್ನ ಕೈ ಮೊದಲು ಹೋಗುವುದು ಬೇರ್ ಸ್ಪ್ರೇಗೆ, ಅಂದರೆ ಕರಡಿಯತ್ತ ಹೊಡೆಯುವ ಖಾರದ ಸ್ಪ್ರೇಗೆ. ಅಲಾಸ್ಕಾದ ಘಟನೆಗಳನ್ನೇ ಇಟ್ಟುಕೊಂಡು 2008ರಲ್ಲಿ ಬಂದ ಅಧ್ಯಯನದಲ್ಲಿ, ಸ್ಪ್ರೇ ಹೊಡೆದಾಗ ಶೇ. 90ಕ್ಕೂ ಹೆಚ್ಚು ಸಲ ಕಂದು ಕರಡಿ ಹಿಮ್ಮೆಟ್ಟಿತ್ತು. ಅದೇ ತಂಡ 2012ರಲ್ಲಿ ಬಂದೂಕಿನ ಲೆಕ್ಕ ಹಾಕಿದಾಗ ಹ್ಯಾಂಡ್‌ಗನ್‌ಗೆ ಸಿಕ್ಕಿದ್ದು ಶೇ. 84 ಯಶಸ್ಸು. ಎರಡನ್ನೂ ಪಕ್ಕಪಕ್ಕ ಇಟ್ಟು ತೂಗೋದು ಸರಿಯಲ್ಲ, ಘಟನೆಗಳೇ ಬೇರೆ ಬೇರೆ. ಆದರೂ ಹೆದರಿಕೆಯಲ್ಲಿ ನಡುಗುವ ಕೈಗೆ ಸಣ್ಣ ಗುಂಡಿಗಿಂತ ದೊಡ್ಡ ಖಾರದ ಮೋಡ ಸುಲಭ.

ಒಂದು ಆಗಸ್ಟ್‌ನಲ್ಲಿ, ಸಾಲ್ಮನ್ ಮೀನು ಏರುವ ಹೊಳೆಯ ಪಕ್ಕ, ಪೊದೆಯಿಂದ ಒಂದು ಕರಡಿ ಇಪ್ಪತ್ತು ಹೆಜ್ಜೆ ದೂರದಲ್ಲಿ ಹೊರಬಂತು. ಬುಸ್ ಬುಸ್ ಅಂತ ಉಸಿರು, ಹಲ್ಲು ಕಟಕಟ. ನಾನು ಮಾತಾಡುತ್ತಲೇ ಹಿಂದೆ ಹೆಜ್ಜೆ ಇಟ್ಟೆ, ಸ್ಪ್ರೇ ಕ್ಲಿಪ್ ಯಾವಾಗ ಕಿತ್ತೆನೋ ಗೊತ್ತಿಲ್ಲ. ಹೊಡೆಯುವ ಮೊದಲೇ ಅದು ತಿರುಗಿ ಹೋಯಿತು. ಎದೆ ಮೇಲೆ ಗ್ಲಾಕ್ ಇದೆ ಅನ್ನೋದು ನೆನಪಾಗಿದ್ದು ಕಾರಿಗೆ ಬಂದು ಬ್ಯಾಗ್ ಬಿಚ್ಚುವಾಗ.

ವಿಮಾನದಲ್ಲಿ ಹೋಗುವುದಾದರೆ ಗನ್ ಖಾಲಿ ಮಾಡಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕೌಂಟರ್‌ನಲ್ಲಿ ಹೇಳಿ ಚೆಕ್-ಇನ್ ಮಾಡಬಹುದು. ಸ್ಪ್ರೇಯನ್ನು ಮಾತ್ರ ವಿಮಾನದಲ್ಲಿ ಯಾವ ಬ್ಯಾಗಿನಲ್ಲೂ ಬಿಡಲ್ಲ. ಆಂಕೊರೇಜ್‌ನಲ್ಲಿ ಇಳಿದ ದಿನವೇ ತಲೆಗೊಂದು ಡಬ್ಬಿ ತೊಗೊಳ್ಳಿ, ವಾಪಸ್ ಬರುವಾಗ ಟ್ರೆಕ್ಕಿಂಗ್‌ಗೆ ಹೊರಟ ಯಾರಿಗಾದರೂ ಕೊಟ್ಟು ಬನ್ನಿ.