ಸಂಪಾದಕರ ಉತ್ತರ: ಗೆಳತಿಯ ಭರಣಿ

ಮಾನ್ಯ ಸಹೋದರಿಯವರೇ,

ಧಾರವಾಡ ತಾಲ್ಲೂಕಿನ ಊರಿನಿಂದ ತಾವು ಬರೆದ ಪತ್ರ ಕೈಸೇರಿತು. ಹಿತ್ತಿಲಲ್ಲಿ ಎರಡು ಆಪೂಸು ಮಾವಿನ ಮರಗಳೂ ನಾಲ್ಕು ಪೇರಲ ಗಿಡಗಳೂ ಇದ್ದು, ಮಕ್ಕಳು ಬೆಂಗಳೂರು, ಪುಣೆಗಳಲ್ಲಿ ನೆಲೆಸಿದ ಮೇಲೆ ಹಣ್ಣು ನೆಲಕ್ಕೆ ಬಿದ್ದು ಕೊಳೆಯುತ್ತಿದೆಯೆಂದೂ, ಹೋದ ವರ್ಷ ಹೆರೆದ ಮಾವಿನಕಾಯಿಯನ್ನು ಬೆಲ್ಲದೊಡನೆ ಕುದಿಸಿ ಒಬ್ಬರೇ ಕುಳಿತು ಮಾಡಿದ ಗುಳಂಬಕ್ಕೆ ಶ್ರಾವಣ ಬರುವಷ್ಟರಲ್ಲಿ ಬೂಸಲು ಹಿಡಿಯಿತೆಂದೂ ಬರೆದಿದ್ದೀರಿ. ಮೊದಲು ಓಣಿಯ ಐದಾರು ಗೆಳತಿಯರು ಕೂಡಿ ಕಾಯಿ ಹೆರೆಯುತ್ತಿದ್ದಿರಿ; ಈಗ ಜಗಳವೇನೂ ಇಲ್ಲದೆ ಬಳಕೆ ತಪ್ಪಿದೆ; ಅವರಲ್ಲೊಬ್ಬರ ಭರಣಿ ಎಂಟು ವರ್ಷಗಳಿಂದ ತಮ್ಮ ಅಟ್ಟದ ಮೇಲೆಯೇ ಉಳಿದಿದೆ. ಗುಳಂಬ ವರ್ಷ ತಾಳುವ ಬಗೆಯನ್ನೂ, ಆ ಗೆಳೆತನವನ್ನು ಮತ್ತೆ ಕೂಡಿಸಬಹುದೇ ಎಂಬುದನ್ನೂ ಒಂದೇ ಪತ್ರದಲ್ಲಿ ಕೇಳಿದ್ದಕ್ಕೆ ಕ್ಷಮೆ ಕೋರಿದ್ದೀರಿ. ಅದರ ಅಗತ್ಯವಿಲ್ಲ, ಎರಡಕ್ಕೂ ನನ್ನ ಉತ್ತರ ಬಹುಮಟ್ಟಿಗೆ ಒಂದೇ.

ಮೊದಲು ಬೂಸಲಿನ ಮಾತು. ಹೆರೆದ ಕಾಯಿ ಒಂದು ಕಿಲೋ, ಬೆಲ್ಲ ಒಂದು ಕಿಲೋ ಎಂದು ತಾವು ಕೊಟ್ಟಿರುವ ಅಳತೆ ಸರಿಯಾಗಿಯೇ ಇದೆ. ಕೊರತೆ ಉಳಿದದ್ದು ಪಾಕದಲ್ಲಿ. ಕರಗಿದ ಸಿಹಿಯ ಅಂಶ ನೂರಕ್ಕೆ ಸುಮಾರು 68 ಭಾಗವಾದರೆ ಬೂಸಲು ಬೆಳೆಯಲು ಬೇಕಾದ ನೀರು ಅದಕ್ಕೆ ದಕ್ಕುವುದಿಲ್ಲ, ಮಾವಿನಕಾಯಿಯ ಹುಳಿಯೂ ಇದಕ್ಕೆ ನೆರವಾಗುತ್ತದೆ. ಎಳೆ ಪಾಕ ನೋಡುವ ಕಣ್ಣು ಎಲ್ಲರಿಗೂ ಇರುವುದಿಲ್ಲವಾದ್ದರಿಂದ ತಕ್ಕಡಿಯನ್ನು ನಂಬುವುದು ಒಳ್ಳೆಯದು: ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಂಡು, ಒಳಗಿನ ಎರಡು ಕಿಲೋ ಕುದಿದು ಒಂದೂವರೆ ಕಿಲೋಗೆ ಇಳಿಯುವವರೆಗೆ ಒಲೆಯಿಂದ ಇಳಿಸಬೇಡಿ. ಬೆಲ್ಲದಲ್ಲಿ ಕಸವೂ ಹಸಿಯೂ ಇರುವುದರಿಂದ ಮೊದಲು ಕರಗಿಸಿ ಸೋಸಿಕೊಳ್ಳಿ. ಕರಗಿಸಲು ಹಾಕಿದ ನೀರನ್ನು ಲೆಕ್ಕಕ್ಕೆ ಹಿಡಿಯದೆ, ಅದೂ ಆವಿಯಾಗಿ ಹೋಗುವಂತೆ ಕುದಿಸಿ. ಬಿಸಿ ಆರುವ ಮೊದಲೇ ಭರಣಿಗೆ ತುಂಬಿ ಮುಚ್ಚಿದೆನೆಂದು ತಾವು ಬರೆದಿದ್ದೀರಿ. ಬೂಸಲಿಗೆ ಎಡೆಯಾದದ್ದು ಬಹುಶಃ ಅಲ್ಲಿಯೇ, ಏಕೆಂದರೆ ಮುಚ್ಚಳದ ಒಳಮೈಗೆ ಕಟ್ಟಿದ ಆವಿಯ ಹನಿ ಇಳಿದು ಮೇಲ್ಪದರದ ಪಾಕವನ್ನು ತೆಳುವಾಗಿಸುತ್ತದೆ. ತೆಳುವಾದ ಬಟ್ಟೆ ಮುಚ್ಚಿ ಪೂರ್ತಿ ಆರಿಸಿ, ಬಿಸಿಲಿಗೆ ಒಣಗಿಸಿದ ಭರಣಿಗೆ ತುಂಬಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಐದು ಕಿಲೋ ಗುಳಂಬವನ್ನು ಒಂದೇ ದೊಡ್ಡ ಭರಣಿಯಲ್ಲಿ ಇಡಬೇಡಿ. ದಿನವೂ ತೆರೆದು ಚಮಚ ಹಾಕುವ ಭರಣಿಗೆ ದಿನವೂ ಗಾಳಿ, ಹಸಿ, ಎಂಜಲಿನ ಅಂಜಿಕೆ ಇದ್ದೇ ಇರುತ್ತದೆ. ಅರ್ಧ ಕಿಲೋದ ಹತ್ತು ಜಾಡಿಗಳಾದರೆ ಒಂದು ಕೆಟ್ಟರೂ ಒಂಬತ್ತು ಉಳಿಯುತ್ತವೆ. ಹೀಗೆ ಹತ್ತು ಜಾಡಿ ಸಾಲಾಗಿ ಇಟ್ಟ ಮೇಲೆ ಇಬ್ಬರೇ ಇರುವ ಮನೆಗೆ ಹತ್ತೂ ಬೇಕಾಗುವುದಿಲ್ಲವೆಂಬುದು ಕಣ್ಣಿಗೇ ಕಾಣುತ್ತದೆ. ಆಗ ಓಣಿಯ ಮನೆಗಳು ತಾವಾಗಿಯೇ ನೆನಪಾಗುತ್ತವೆ.

ನಾನು ಬೆಳೆದದ್ದು ಹಾನಗಲ್ ಕಡೆ. ನಮ್ಮ ಹಿತ್ತಿಲಿನ ಆಪೂಸು ಮರ ಒಂದು ವರ್ಷ ಕೊಂಬೆ ಬಾಗುವಂತೆ ಕಾಯಿ ಬಿಟ್ಟರೆ ಮರು ವರ್ಷ ಬರಿದಾಗಿ ನಿಲ್ಲುತ್ತಿತ್ತು. ಆ ತಳಿಯ ಗುಣವೇ ಅದು. ಬರಿದಾದ ವರ್ಷ ನಮ್ಮ ತಾಯಿ ಎದುರುಮನೆಯ ಗೆಳತಿಯ ಜವಾರಿ ಮರದ ಹುಳಿಗಾಯಿ ತರುತ್ತಿದ್ದರು, ನಮ್ಮ ಮರ ಹಿಡಿದ ವರ್ಷ ಬುಟ್ಟಿ ಆ ಕಡೆಗೆ ಹೋಗುತ್ತಿತ್ತು. ಯಾರು ಎಷ್ಟು ಕೊಟ್ಟರೆಂದು ಇಬ್ಬರೂ ಲೆಕ್ಕ ಹಿಡಿದದ್ದನ್ನು ನಾನು ಕಾಣೆ. ಆದರೆ ಡಬ್ಬಿಯನ್ನು ಬರಿದಾಗಿ ಮರಳಿಸಬಾರದೆಂಬ ನೇಮವನ್ನು ಮಾತ್ರ ಇಬ್ಬರೂ ತಪ್ಪಿಸಲಿಲ್ಲ. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳುಹಿಸುತ್ತಿದ್ದರು. ಹೀಗೆ ಪ್ರತಿ ಸಲವೂ ಯಾರೋ ಒಬ್ಬರು ಮರಳಿ ಕೊಡಬೇಕಾಗಿಯೇ ಉಳಿಯುತ್ತಿದ್ದುದರಿಂದ ಆ ಬಾಗಿಲುಗಳ ನಡುವಿನ ಓಡಾಟ ನಿಲ್ಲಲಿಲ್ಲ.

ಗೆಳೆತನಕ್ಕೆ ಕೈಯಲ್ಲೊಂದು ಕೂಡುಕೆಲಸ ಬೇಕೆಂದು ನಾನು ನಂಬಿದ್ದೇನೆ. ಧಾರವಾಡದಲ್ಲಿ ಬೇಂದ್ರೆಯವರು 1922ರಲ್ಲಿ ಕಟ್ಟಿದ ಗೆಳೆಯರ ಗುಂಪು ಹರಟೆಗಷ್ಟೇ ಕೂಡಿದ್ದಲ್ಲ, ಒಟ್ಟಾಗಿ ಓದಿ, ಬರೆದು ದುಡಿಯಿತು. 1933ರಲ್ಲಿ ಆರಂಭವಾದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಪುಸ್ತಕಗಳ ಕೆಲಸದ ಸುತ್ತ ತಲೆಮಾರುಗಳ ಸ್ನೇಹ ಬೆಳೆಯಿತು. ಅವರ ಕೆಲಸ ದೊಡ್ಡದು, ನಿಜ. ಆದರೆ ಹತ್ತು ಕಿಲೋ ಕಾಯಿ ಹೆರೆಯಲು ಕುಳಿತ ನಾಲ್ವರಿಗೂ ಕೈ ಬಿಡುವಿಲ್ಲದೆ ಮಾತಿಗೆ ಮಾತ್ರ ಬಿಡುವಿರುತ್ತದೆ. ಎಂಟು ವರ್ಷ ಹೇಳದೆ ಉಳಿದದ್ದನ್ನು ಮುಖ ನೋಡಿಕೊಂಡು ಹೇಳುವುದಕ್ಕಿಂತ ಕಾಯಿ ನೋಡಿಕೊಂಡು ಹೇಳುವುದು ಸುಲಭ. ಆದ್ದರಿಂದ ಗೆಳತಿಯರನ್ನು ಚಹಾಕ್ಕೆ ಕರೆಯಬೇಡಿ, ಕೆಲಸಕ್ಕೆ ಕರೆಯಿರಿ. ಎಲ್ಲರೂ ಬರಲಾರರು, ಬಂದ ಇಬ್ಬರೇ ಸಾಕು.

ಪೇರಲ ಹಣ್ಣಿನ ಜೆಲ್ಲಿಯ ಬಗ್ಗೆಯೂ ಕೇಳಿದ್ದೀರಿ. ಪೇರಲದಲ್ಲಿ ಪೆಕ್ಟಿನ್, ಅಂದರೆ ಜೆಲ್ಲಿಯನ್ನು ಹೆಪ್ಪುಗಟ್ಟಿಸುವ ಅಂಶ, ಹೇರಳವಾಗಿರುವುದರಿಂದ ಸಕ್ಕರೆಯೊಡನೆ ಲಿಂಬೆಯ ಹುಳಿ ಸೇರಿಸಿದರೆ ಅದು ತಾನೇ ಗಟ್ಟಿಗೊಳ್ಳುತ್ತದೆ. ಪೂರ್ತಿ ಕಳಿತ ಹಣ್ಣಿನ ಜೊತೆ ಒಂದಷ್ಟು ದೋರೆಗಾಯಿಯನ್ನೂ ಹಾಕಿ.

ಇನ್ನು ಅಟ್ಟದ ಮೇಲಿನ ಭರಣಿ. ಎಂಟು ವರ್ಷವಾಯಿತು, ಈಗ ಮರಳಿಸಿದರೆ ಏನೆಂದುಕೊಳ್ಳುವರೋ ಎಂಬ ತಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ. ನನ್ನ ಕಣ್ಣಿಗೆ ಮಾತ್ರ ಅವರ ಮನೆಗೆ ಹೋಗಲು ತಮ್ಮ ಬಳಿ ಉಳಿದಿರುವ ಒಳ್ಳೆಯ ನೆಪವೇ ಅದು. ಯುಗಾದಿ ಕಳೆದು ಕಾಯಿ ಬಲಿತೊಡನೆ ಮೊದಲ ಗುಳಂಬವನ್ನು ಅದೇ ಭರಣಿಗೆ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಯಾರ ಕೈಯಲ್ಲೂ ಕಳುಹಿಸದೆ ತಾವೇ ಒಯ್ಯಿರಿ.